ರಾಗಿ ಬಿಯರ್‌ನಲ್ಲಿ ರಾಗಿ ಎಷ್ಟು?

ಹೋದ ತಿಂಗಳು ಒಂದು ಶನಿವಾರ ರಾತ್ರಿ ಇಂದಿರಾನಗರದ ಒಂದು ಮೈಕ್ರೋಬ್ರೂವರಿಯಲ್ಲಿ ಕೂತಿದ್ದಾಗ ಊರಿಂದ ಅಮ್ಮನ ಫೋನ್ ಬಂತು. ಹಾಡಿನ ಅಬ್ಬರಕ್ಕೆ ಏನೂ ಕೇಳಿಸ್ತಿರ್ಲಿಲ್ಲ, ಮೆಟ್ಟಿಲ ಹತ್ರ ಓಡಿಹೋಗಿ ಎತ್ತಿದೆ.

"ಉಂಡೇನಪ್ಪಾ?"

"ಹೂಂ ಕಣಮ್ಮ, ಆಯ್ತು."

"ಏನ್ ಉಂಡೆ?"

"ರಾಗೀದೇ."

ಪೂರ್ತಿ ಸುಳ್ಳೇನಲ್ಲ. ಮೇಜಿನ ಮೇಲೆ 350 ರೂಪಾಯಿಯ ರಾಗಿ ಬಿಯರ್ ನೊರೆ ಇಳಿಸಿಕೊಂಡು ನನಗೋಸ್ಕರ ಕಾಯ್ತಾ ಇತ್ತು. ವಾಪಸ್ ಬಂದು ಒಂದು ಗುಟುಕು ಕುಡಿದೆ. ಇನ್ನೊಂದು ಕುಡಿದೆ. ಬಾಳೆಹಣ್ಣಿನ ವಾಸನೆ ಇತ್ತು, ಸ್ವಲ್ಪ ಲವಂಗದ ವಾಸನೆಯೂ ಇತ್ತು. ರಾಗಿ ಎಲ್ಲೂ ಸಿಗಲಿಲ್ಲ. ನಾನು ತುಮಕೂರು ಕಡೆಯ ಹಳ್ಳಿಯವನು. ಹುರಿದ ರಾಗಿಯ ವಾಸನೆ, ರಾತ್ರಿಯಿಡೀ ನೆನೆದ ಅಂಬಲಿಯ ಹುಳಿ ಇವೆಲ್ಲ ನನಗೆ ಬಿಇ ಡಿಗ್ರಿಗಿಂತ ಚೆನ್ನಾಗಿ ಗೊತ್ತು. ಗ್ಲಾಸ್‌ನಲ್ಲಿದ್ದದ್ದು ಪಕ್ಕದ ಮೇಜಿನವರು ಕುಡೀತಿದ್ದ ಗೋಧಿ ಬಿಯರೇ. ಹೆಸರು ಮಾತ್ರ ಬೇರೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಬೇರೆಯವರ ಕೋಡ್ ಕಾಪಿ ಮಾಡಿ ವೇರಿಯಬಲ್ ಹೆಸರು ಬದಲಾಯಿಸಿದ ಹಾಗೆ.

ಬಿಯರ್ ತಯಾರಿಸೋರನ್ನೇ ಕರೆಸಿ ಕೇಳಿದೆ. ಪಾಪ, ಮರ್ಯಾದೆಯಿಂದಲೇ ಬಂದು ಮಾತಾಡಿದರು, ಅದೂ ಕನ್ನಡದಲ್ಲಿ. "ಹತ್ತು ಪರ್ಸೆಂಟ್ ಇರಬಹುದು ಸಾರ್, ಉಳಿದಿದ್ದು ಬಾರ್ಲಿ, ಗೋಧಿ. ರಾಗಿ ಜಾಸ್ತಿ ಹಾಕಿದ್ರೆ ಟ್ಯಾಂಕ್‌ನಲ್ಲಿ ಮುದ್ದೆ ಆಗೋಗುತ್ತೆ."

ನಾನು ನಕ್ಕೆ. ಆದರೆ ಅವರು ಹೇಳಿದ್ದು ನಿಜ. ಬಿಸಿನೀರಲ್ಲಿ ನೆನೆಸಿದ ಕಾಳಿಂದ ಸಿಹಿನೀರು ಬಸಿಯುವಾಗ ಬಾರ್ಲಿಯ ಸಿಪ್ಪೆಯೇ ಜರಡಿ ಥರ ಕೆಲಸ ಮಾಡುತ್ತೆ. ರಾಗಿಗೆ ಅಂಥ ಸಿಪ್ಪೆ ಇಲ್ಲ, ಕಾಳೂ ಸಣ್ಣದು, ಎಲ್ಲ ಕಟ್ಟಿಕೊಂಡು ಕೂರುತ್ತೆ. ಮೇಲಾಗಿ ರಾಗಿಯ ಪಿಷ್ಟ ಬಾರ್ಲಿಯದಕ್ಕಿಂತ ಹೆಚ್ಚು ಬಿಸಿ ಬೇಡುತ್ತೆ, ಬೇರೆಯಾಗಿ ಬೇಯಿಸಬೇಕು. ಕಷ್ಟ ಹೌದು, ಆದರೆ ದಾರಿ ಇಲ್ಲದ್ದೇನಲ್ಲ. ಬಸಿಯೋಕೆ ಭತ್ತದ ಹೊಟ್ಟು ಹಾಕೋದು ಜಗತ್ತಿನ ಬ್ರೂವರಿಗಳಿಗೆಲ್ಲ ಗೊತ್ತಿರೋ ಉಪಾಯ. ಇನ್ನು ಮಾಲ್ಟ್ ಅಂದ್ರೆ ಏನು? ಕಾಳು ನೆನೆಸಿ, ಮೊಳಕೆ ಬರಿಸಿ, ಒಣಗಿಸೋದು. ಮೊಳಕೆಯಲ್ಲಿ ಹುಟ್ಟುವ ಕಿಣ್ವ ಪಿಷ್ಟವನ್ನು ಸಕ್ಕರೆ ಮಾಡುತ್ತೆ. ನಮ್ಮಮ್ಮ ಮೊಳಕೆ ರಾಗಿಯನ್ನು ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ ಮಾಡೋದೂ ಅದನ್ನೇ. ಸಿಕ್ಕಿಂನವರು ರಾಗಿಯಿಂದಲೇ ತೋಂಗ್ಬಾ ಮಾಡ್ತಾರೆ, ಬಿದಿರಿನ ಪಾತ್ರೆಯಲ್ಲಿ ಹುದುಗಿದ ರಾಗಿಗೆ ಬಿಸಿನೀರು ಹೊಯ್ದು ನಳಿಗೆಯಲ್ಲಿ ಹೀರ್ತಾರೆ. ಅಂದಮೇಲೆ ರಾಗಿ ಸೀಮೆಯ ರಾಜಧಾನಿಯಲ್ಲಿ ಹತ್ತು ಪರ್ಸೆಂಟ್‌ಗೆ ನಿಂತಿದ್ದೇಕೆ?

ಈ ಊರಿಗೂ ಬಿಯರಿಗೂ ನಂಟು ಹೊಸದಲ್ಲ. ಸ್ಕಾಟ್ಲೆಂಡಿನ ಥಾಮಸ್ ಲೀಶ್‌ಮನ್ 1915ರಲ್ಲಿ ದಕ್ಷಿಣದ ಹಲವು ಬ್ರೂವರಿಗಳನ್ನು ಒಟ್ಟು ಸೇರಿಸಿ ಯುನೈಟೆಡ್ ಬ್ರೂವರೀಸ್ ಮಾಡಿದ. ಈಗ ಯುಬಿ ಸಿಟಿ ನಿಂತಿರೋ ಜಾಗದಲ್ಲಿ ಮುಂಚೆ ಬ್ರೂವರಿಯೇ ಇತ್ತು. 2010ರಿಂದ 2012ರ ಸುಮಾರಿಗೆ ಟಾಯ್ಟ್, ಬಿಯರ್ ಕ್ಲಬ್, ಅಮೆರಿಕದ ಮಿಶಿಗನ್‌ನಿಂದ ಹೆಸರು ತಂದ ಆರ್ಬರ್, ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್ ಒಂದರ ಹಿಂದೊಂದು ಬಂದವು. ನಾನು ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ಅಲ್ಲಿತನಕ ಬಿಯರ್ ಅಂದ್ರೆ ಬಾಟಲಿಯ ಸ್ಟ್ರಾಂಗ್ ಅಂತಲೇ ಲೆಕ್ಕ. ತಣ್ಣಗಿದ್ರೆ ಸಾಕು, ರುಚಿ ಕೇಳೋರಿರಲಿಲ್ಲ. ಈ ಜಾಗಗಳು ನಮ್ಮ ನಾಲಿಗೆಗೆ ಪಾಠ ಹೇಳಿದವು. ಆ ಋಣ ಇಟ್ಟುಕೊಂಡೇ ಈ ಟೀಕೆ ಬರೀತಿದೀನಿ.

ಚೆನ್ನಾಗಿರೋದು ಏನು ಅಂತ ಮೊದಲು ಹೇಳಿಬಿಡ್ತೀನಿ. ಗೋಧಿ ಬಿಯರ್, ಅಂದ್ರೆ ಹೆಫೆವೈಜನ್, ನಮ್ಮೂರಲ್ಲಿ ನಿಜಕ್ಕೂ ಚೆನ್ನಾಗಿ ಮಾಡ್ತಾರೆ. ಅದರ ಬಾಳೆಹಣ್ಣಿನ ವಾಸನೆ ಹಣ್ಣಿಂದ ಬರೋದಲ್ಲ, ಯೀಸ್ಟ್‌ನಿಂದ ಬರೋದು. ಹೊತ್ತು ಕಳೆದಷ್ಟೂ ಅದು ಮಂಕಾಗುತ್ತೆ. ಹಾಗಾಗಿ ಟ್ಯಾಂಕ್ ಪಕ್ಕದಲ್ಲೇ ಕೂತು ಕುಡಿಯೋದಕ್ಕೆ ಅರ್ಥ ಇದೆ. ಟಾಯ್ಟ್‌ನ ಬಾಸ್ಮತಿ ಬ್ಲಾಂಡ್‌ನಲ್ಲಿ ಅಕ್ಕಿ ಸುಮ್ಮನೆ ಹೆಸರಿಗಿಲ್ಲ, ಅದರಿಂದ ಬಿಯರ್ ಹಗುರಾಗಿದೆ. ನಮ್ಮ ಸೋನಾ ಮಸೂರಿಗೂ ರಾಜಮುಡಿಗೂ ಆ ಭಾಗ್ಯ ಯಾವಾಗಲೋ ಅನ್ನೋ ಕೊರಗು ಬೇರೆ ವಿಷಯ. ಕಾಫಿ ಹಾಕಿದ ಸ್ಟೌಟ್ ಕೂಡ ಹೊಂದಿಕೊಳ್ಳುತ್ತೆ, ಯಾಕಂದ್ರೆ ಹುರಿದ ಮಾಲ್ಟ್‌ಗೂ ಹುರಿದ ಕಾಫಿ ಬೀಜಕ್ಕೂ ಮೊದಲೇ ನೆಂಟಸ್ತನ ಇದೆ.

ಹೊಂದದೇ ಇರೋದು ಸೈಡರ್. ಸೇಬಿನ ರಸದಲ್ಲಿರೋ ಸಕ್ಕರೆಯನ್ನು ಯೀಸ್ಟ್ ತಿಂದು ಮುಗಿಸುತ್ತೆ. ಅದರ ಪಾಡಿಗೆ ಬಿಟ್ಟ ಸೈಡರ್ ಒಗರಾಗಿ, ಹುಳಿಯಾಗಿ, ಚುರುಕಾಗಿರುತ್ತೆ. ಅಂಟು ಸಿಹಿ ಇದ್ರೆ ಒಂದೋ ನಡುವೆ ತಡೆದಿದ್ದಾರೆ, ಇಲ್ಲಾ ಆಮೇಲೆ ಸಿಹಿ ಸೇರಿಸಿದ್ದಾರೆ. ನಾನು ಇಲ್ಲಿ ಕುಡಿದ ಆರು ಸೈಡರ್‌ಗಳಲ್ಲಿ ಐದು, ಡಬ್ಬಿಯಲ್ಲಿ ಬರೋ ಆಪಲ್ ಜ್ಯೂಸ್‌ಗೆ ಸೋಡಾ ಬೆರೆಸಿದಂಗಿದ್ದವು. "ಲೇಡೀಸ್‌ಗೆ ಇಷ್ಟ ಆಗುತ್ತೆ ಸಾರ್" ಅಂತ ಒಬ್ಬರು ಸಮಜಾಯಿಷಿ ಕೊಟ್ಟರು. ನನ್ನ ಪಕ್ಕ ಕೂತಿದ್ದ ಸಹೋದ್ಯೋಗಿ ಕಹಿ ಐಪಿಎ ಕುಡೀತಾ ಅವರನ್ನೇ ದುರುಗುಟ್ಟಿ ನೋಡಿದಳು.

ಇನ್ನು ಜಾಗ. ರುಚಿ ನೋಡೋ ಜಾಗದಲ್ಲಿ ಎದುರು ಕೂತವರ ಮಾತೇ ಕೇಳಿಸದಷ್ಟು ಸದ್ದು ಯಾಕೆ? ಮೆನುವಿನಲ್ಲಿ ಕಹಿಯ ಅಂಕ, ಮದ್ಯಸಾರದ ಪ್ರಮಾಣ, ಇಂಗ್ಲಿಷಿನ ನಾಲ್ಕು ವಿಶೇಷಣ ಎಲ್ಲ ಇರುತ್ತೆ. ಯಾವ ಕಾಳು, ಎಷ್ಟು, ಎಲ್ಲಿಂದ ಬಂತು, ಯಾವತ್ತು ಟ್ಯಾಂಕ್‌ಗೆ ಹಾಕಿದ್ದು ಅನ್ನೋದು ಇರಲ್ಲ. ಕನ್ನಡವಂತೂ ಹೊರಗಿನ ಬೋರ್ಡಿಗೆ ಮುಗೀತು. ಒಗರು, ಕಟು, ಘಾಟು, ಕಮಟು, ಸೊಗಡು, ಹೀಗೆ ರುಚಿ ವಾಸನೆಗೆ ಇಷ್ಟು ಪದ ಇರೋ ಭಾಷೆ ನಮ್ಮದು. ತಾವು ಕುಡಿಯದ ರಾಜರತ್ನಂ ಅವರೇ ಯೆಂಡ್ಕುಡುಕ ರತ್ನನ ಬಾಯಲ್ಲಿ ಅಷ್ಟು ಜೀವಂತ ಕನ್ನಡ ಆಡಿಸಿದರು. ಕುಡಿಯೋ ನಾವು ಮೆನು ಓದೋಕೂ ಕನ್ನಡ ಬಳಸಲ್ಲ.

ನನಗೆ ನಿಜಕ್ಕೂ ಚುಚ್ಚೋದು ಬೇರೆ. ನಾನು ಚಿಕ್ಕವನಿದ್ದಾಗ ಊರ ಹಳ್ಳದ ದಂಡೆಯಲ್ಲಿ ಈಚಲು ಮರಗಳಿದ್ದವು. ಮರ ಕೆತ್ತಿ ಹೆಂಡ ಇಳಿಸೋ ಒಬ್ಬರಿದ್ದರು. ಯಾವ ಮರ, ಎಷ್ಟು ಆಳ ಕೆತ್ತಬೇಕು, ಯಾವ ಹೊತ್ತಿಗೆ ಗಡಿಗೆ ಇಳಿಸಬೇಕು ಎಲ್ಲಾ ಅವರ ಕೈಗೆ ಗೊತ್ತಿತ್ತು. ಗಡಿಗೆಗೆ ಬಿದ್ದ ಕೂಡಲೇ ಹುದುಗೋಕೆ ಶುರು, ಬೆಳಿಗ್ಗೆ ಸಿಹಿ, ಸಂಜೆಗೆ ಹುಳಿ. ಹೊಟ್ಟೆಗೆ ಹೋಗೋ ಮದ್ಯಸಾರ ಹೆಚ್ಚುಕಮ್ಮಿ ಬಿಯರ್‌ನಷ್ಟೇ. ಇವತ್ತು ಕರಾವಳಿಯಲ್ಲಿ ಹೆಂಡ ಸಿಗುತ್ತೆ, ನಮ್ಮ ಕಡೆ ಇಳಿಸಿದ್ರೆ ಕೇಸು. ನಾನು 'ಕ್ರಾಫ್ಟ್' ಅಂತ ದುಡ್ಡು ಕೊಟ್ಟು ಕುಡಿಯೋದನ್ನ ಅವರು ಕಸುಬು ಅಂತ ಮಾಡ್ತಿದ್ದರು. ಅವರ ಮಗ ಈಗ ನಮ್ಮ ಆಫೀಸ್ ಕ್ಯಾಬ್ ಓಡಿಸೋರಲ್ಲಿ ಒಬ್ಬ.

ಹಂಗಂತ ಹಳೇದೆಲ್ಲ ಚೆಂದ ಅಂತ ನಾನು ಹೇಳ್ತಿಲ್ಲ. ನಮ್ಮ ದೊಡ್ಡಪ್ಪನ್ನ ತಿಂದಿದ್ದು ಪ್ಯಾಕೆಟ್ ಸಾರಾಯಿ. 2007ರ ಜುಲೈನಲ್ಲಿ ಸಾರಾಯಿ ನಿಷೇಧ ಆದಾಗ ದೊಡ್ಡಮ್ಮ ದೇವರಿಗೆ ಕಾಯಿ ಒಡೆಸಿದಳು. ಅವರು ಅಗ್ಗದ ವಿಸ್ಕಿಗೆ ಹೋದರು, ಮೂರು ವರ್ಷಕ್ಕೆ ತೀರಿಕೊಂಡರು. ಅಮ್ಮನಿಗೆ ಇವತ್ತಿಗೂ ಕುಡಿತ ಅಂದ್ರೆ ಒಂದೇ. ಹೆಂಡ, ಸಾರಾಯಿ, ಹೆಫೆವೈಜನ್ ಅಂತ ಅವಳು ಭೇದ ಮಾಡಲ್ಲ. ಅವಳ ಲೆಕ್ಕ ತಪ್ಪು ಅಂತ ಹೇಳೋ ಧೈರ್ಯ ನನಗಿಲ್ಲ. ನಾವು ಎರಡು ಗ್ಲಾಸ್‌ಗೆ ನಿಲ್ಲಿಸೋದು ನಮ್ಮ ಸಂಸ್ಕಾರದಿಂದಲ್ಲ, ನಮ್ಮ ಸಂಬಳದಿಂದ, ಮುಂದೆ ಇರೋ ಬದುಕಿನಿಂದ. ದೊಡ್ಡಪ್ಪನ ಮುಂದೆ ಆ ಸಾಲಿನಲ್ಲಿ ಏನೂ ಇರಲಿಲ್ಲ.

ಅದಕ್ಕೇ ನನಗೆ ರಾಗಿ ಬಿಯರ್ ಬರೀ ತಮಾಷೆ ಅನ್ನಿಸಲ್ಲ. ಆ ಹೆಸರನ್ನ ಗೋಡೆ ಮೇಲೆ ಬರೆದಾಗ, ನಮ್ಮ ಊರನ್ನೂ ನಮ್ಮಮ್ಮನ ಕಾಳನ್ನೂ ಸೇರಿಸಿ ಮಾರ್ತಿದ್ದಾರೆ. ಮಾರಲಿ, ಬೇಡ ಅನ್ನಲ್ಲ. ಆದರೆ ಹತ್ತು ಪರ್ಸೆಂಟ್ ಹಾಕಿದ್ರೆ ಹತ್ತು ಅಂತ ಬರೆಯಲಿ. ಐವತ್ತು ಹಾಕೋ ಧೈರ್ಯ ಮಾಡಿದ್ರೆ ಒಂದು ಬ್ಯಾಚ್ ಕೆಡಬಹುದು, ಎರಡು ಕೆಡಬಹುದು, ಮೂರನೆಯದು ಜಗತ್ತಿನಲ್ಲಿ ಬೇರೆಲ್ಲೂ ಸಿಗದ ಬಿಯರ್ ಆದೀತು. ಕ್ರಾಫ್ಟ್ ಅನ್ನೋ ಮಾತಿಗೆ ಅಷ್ಟಾದರೂ ತೂಕ ಬೇಡವೇ?

ನೀವೂ ಮುಂದಿನ ಸಲ ಹೋದಾಗ ಟವರ್ ಆರ್ಡರ್ ಮಾಡೋ ಮುಂಚೆ ಸಣ್ಣ ಗ್ಲಾಸ್‌ಗಳ ಸ್ಯಾಂಪ್ಲರ್ ಕೇಳಿ. ಹಗುರಾದ್ದರಿಂದ ಶುರು ಮಾಡಿ, ಕಪ್ಪು ಬಿಯರ್ ಕೊನೆಗೆ. ರಾಗಿ ಅಂತ ಬರೆದಿದ್ರೆ ಎಷ್ಟು ಅಂತ ಕೇಳಿ. ಕನ್ನಡದಲ್ಲೇ ಕೇಳಿ, ಉತ್ತರ ಕೊಡೋರು ಒಳಗಡೆ ಇದ್ದೇ ಇರ್ತಾರೆ. ಹತ್ತು ಜನ ಕೇಳಿದ್ರೆ ಮೆನು ಬದಲಾಗುತ್ತೆ, ನಮ್ಮ ಕೆಲಸದಲ್ಲೂ ಬಗ್ ಸರಿಹೋಗೋದು ಹಂಗೇ ತಾನೆ.

ನಾನು ಹೋದ ವಾರ ಊರಿಗೆ ಹೋಗಿದ್ದೆ. ಅಮ್ಮ ಮೊಳಕೆ ರಾಗಿ ಒಣಹಾಕಿದ್ದಳು. ಒಂದು ಹಿಡಿ ಬಾಯಿಗೆ ಹಾಕ್ಕೊಂಡೆ, ಸಿಹಿ ಇತ್ತು. "ಅಲ್ಲಿ ರಾಗಿ ಸಿಗುತ್ತೇನಪ್ಪಾ?" ಅಂದಳು. "ಸಿಗುತ್ತಮ್ಮ, ಸ್ವಲ್ಪ ಕಮ್ಮಿ" ಅಂದೆ. ಎರಡು ಕೆಜಿ ಕಟ್ಟಿಕೊಟ್ಟಳು.