ಬನ್ಸ್ ಉಬ್ಬಿದರೆ ಸಾಕಾ?

ಬೆಂಗಳೂರಿನಲ್ಲಿ ಈಗ ಮಂಗಳೂರು ಬನ್ಸಿಗೆ ಒಳ್ಳೇ ಕಾಲ. ದರ್ಶಿನಿಯ ಬೋರ್ಡಿನಲ್ಲಿ ಇಡ್ಲಿ-ವಡೆಯ ಪಕ್ಕದಲ್ಲೇ ಅದರ ಹೆಸರೂ ಇರುತ್ತದೆ. ಕರಾವಳಿ ಬಿಟ್ಟು ಬಂದ ನನ್ನಂಥವನಿಗೆ ಇದರಿಂದ ಖುಷಿಯಾಗಬೇಕು. ಆದರೆ ಕಳೆದ ಭಾನುವಾರ ನಮ್ಮ ಏರಿಯಾದ ಹೊಸ ಹೋಟೆಲೊಂದರಲ್ಲಿ ತಿಂದ ಮೇಲೆ ಸ್ವಲ್ಪ ಜಗಳ ಆಡಲೇಬೇಕು ಅನ್ನಿಸಿದೆ.

ನೋಡಲಿಕ್ಕೆ ಚೆಂದವೇ ಇತ್ತು, ಚೆಂಡಿನ ಹಾಗೆ ಉಬ್ಬಿತ್ತು. ಪಕ್ಕದ ಟೇಬಲ್ಲಿನವರು ಅದನ್ನು ಒಡೆದು, ಹಬೆ ಹೊರಗೆ ಬರುವುದನ್ನು ವಿಡಿಯೋ ಮಾಡ್ತಾ ಇದ್ದರು. ನಾನೂ ಒಡೆದೆ. ಒಳಗೆ ಏನೂ ಇಲ್ಲ! ಎರಡು ತೆಳ್ಳಗಿನ ಪದರ, ನಡುವೆ ಗಾಳಿ. ಬಾಳೆಹಣ್ಣಿನ ಪರಿಮಳ ಹುಡುಕಿದರೂ ಸಿಗಲಿಲ್ಲ. ಇದು ಬನ್ಸ್ ಅಲ್ಲ ಮಾರಾಯ್ರೆ, ಸಕ್ಕರೆ ಹಾಕಿದ ಪೂರಿ.

ಪೂರಿಯ ಮೇಲೆ ನನಗೇನೂ ಸಿಟ್ಟಿಲ್ಲ. ಗಟ್ಟಿ ಹಿಟ್ಟು, ತೆಳ್ಳಗೆ ಲಟ್ಟಿಸಿ ಚೆನ್ನಾಗಿ ಕಾದ ಎಣ್ಣೆಗೆ ಬಿಟ್ಟರೆ ಹಿಟ್ಟಿನೊಳಗಿನ ನೀರು ಆವಿಯಾಗಿ ಪದರಗಳನ್ನು ಬೇರೆ ಮಾಡುತ್ತದೆ. ಪೂರಿಯ ಸೊಗಸೆಲ್ಲ ಆ ಆವಿಯದ್ದು. ಆರಿದರೆ ಮುಗಿಯಿತು, ಚರ್ಮದ ಹಾಗೆ ಜಗಿಯಬೇಕು.

ಬನ್ಸಿನ ಲೆಕ್ಕವೇ ಬೇರೆ. ಸಿಪ್ಪೆ ಕಪ್ಪಾಗುವಷ್ಟು ಕಳಿತ ಬಾಳೆಹಣ್ಣನ್ನು ಕಿವುಚಿ ಸಕ್ಕರೆ, ಮೊಸರು, ಉಪ್ಪು, ಜೀರಿಗೆ, ಚಿಟಿಕೆ ಸೋಡಾ ಸೇರಿಸಿ, ಅದು ಹಿಡಿಯುವಷ್ಟೇ ಮೈದಾ ಹಾಕಿ ನಾದುವುದು. ಬೇರೆ ನೀರು ಬೇಡ. ರಾತ್ರಿ ಮುಚ್ಚಿಟ್ಟರೆ ಬೆಳಿಗ್ಗೆ ಹಿಟ್ಟು ಮೆತ್ತಗಾಗಿರುತ್ತದೆ. ಮೊಸರಿನ ಹುಳಿ ಸೋಡಾದ ಜೊತೆ ಸೇರಿ ಹಿಟ್ಟಿನೊಳಗೆ ಸಣ್ಣ ಸಣ್ಣ ಗುಳ್ಳೆ ಎಬ್ಬಿಸಿರುತ್ತದೆ. ಪೂರಿಗಿಂತ ದಪ್ಪಗೆ ಲಟ್ಟಿಸಿ ಮಧ್ಯಮ ಉರಿಯಲ್ಲಿ ಕರಿಯಬೇಕು. ಸಕ್ಕರೆ ಇರುವುದರಿಂದ ಉರಿ ಜೋರಾದರೆ ಮೇಲೆ ಕಪ್ಪಾಗುತ್ತದೆ, ಒಳಗೆ ಹಸಿ ಉಳಿಯುತ್ತದೆ. ಉಬ್ಬುವುದು ಇಲ್ಲೂ ಉಂಟು. ಆದರೆ ಅದಷ್ಟೇ ಅಲ್ಲ, ಒಡೆದಾಗ ಒಳಗೆ ಸ್ಪಂಜಿನಂಥ ತಿರುಳು ಕಾಣಬೇಕು. ಚಟ್ನಿ, ಸಾಂಬಾರು ಹೀರಿಕೊಳ್ಳುವುದು ಅದೇ.

ಹಾಗಾಗಿ ಬನ್ಸಿನ ನಿಜವಾದ ಪರೀಕ್ಷೆ ಬಾಣಲೆಯ ಪಕ್ಕದಲ್ಲಿ ಅಲ್ಲ, ಮರುದಿನ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಮ್ಮ ಪೇಪರಿನಲ್ಲಿ ಸುತ್ತಿ ಕೊಡುತ್ತಿದ್ದ ಬನ್ಸ್ ರಾತ್ರಿ ಬಸ್ಸಿನಲ್ಲಿ ಶಿರಾಡಿ ಘಾಟಿ ಹತ್ತಿ ಬರುತ್ತಿತ್ತು. ಬೆಳಿಗ್ಗೆ ಆಫೀಸಿನಲ್ಲಿ ಚಟ್ನಿ ಇಲ್ಲದೆ, ಬರೀ ಟೀ ಜೊತೆ ತಿನ್ನುತ್ತಿದ್ದೆ. ತಣ್ಣಗಿದ್ದರೂ ಮೆತ್ತಗೇ ಇರುತ್ತಿತ್ತು.

ಈಗ ನೀವು ಕೇಳಬಹುದು, ಆ ಬನ್ಸ್ ಯಾಕೆ ನಿಂತಿತು ಅಂತ. ನಿಲ್ಲಿಸಿದ್ದು ನಾನೇ. "ಮೈದಾ, ಸಕ್ಕರೆ, ಎಣ್ಣೆ... ಬೇಡಮ್ಮ, ಡಯಟ್" ಅಂದಿದ್ದೆ. ಅಮ್ಮ ಮರುಮಾತಾಡಲಿಲ್ಲ, ಮತ್ತೆ ಕಟ್ಟಿಕೊಡಲೂ ಇಲ್ಲ. ಆಮೇಲೆ ಗೋಧಿಹಿಟ್ಟಿನಲ್ಲಿ ಮಾಡಿ ಏರ್ ಫ್ರೈಯರಿನಲ್ಲಿಟ್ಟೆ. ಕೆಟ್ಟದೇನಲ್ಲ, ಅದಕ್ಕೆ ಬೇರೆ ಹೆಸರಿಟ್ಟರೆ ನನ್ನ ತಕರಾರಿಲ್ಲ. ತಮಾಷೆ ಏನೆಂದರೆ, ಅಮ್ಮನ ಎಣ್ಣೆ ಬೇಡ ಅಂದವನೇ ಈಗ ದುಡ್ಡು ಕೊಟ್ಟು ಹೋಟೆಲಿನ ಎಣ್ಣೆ ತಿಂದು ವಿಮರ್ಶೆ ಬರೀತಿದ್ದೇನೆ. ವಾರಕ್ಕೊಮ್ಮೆ ಸರಿಯಾದ ಒಂದು ಬನ್ಸ್ ತಿಂದಿದ್ದರೆ ಸಾಕಿತ್ತು.

ಆ ಭಾನುವಾರ ಸಂಜೆ, ಕಸಕ್ಕೆ ಹಾಕಬೇಕಂತಿದ್ದ ಮೂರು ಕಪ್ಪು ಬಾಳೆಹಣ್ಣು ಎದುರಿಗಿಟ್ಟುಕೊಂಡು ಫೋನ್ ಮಾಡಿದೆ. ಅಮ್ಮ ಹಳೇ ಮಾತು ಎತ್ತಲೇ ಇಲ್ಲ. "ಹಿಟ್ಟು ಕೈಗೆ ಅಂಟ್ತದೆ, ಗಾಬರಿಯಾಗಿ ಮೈದಾ ಸುರೀಬೇಡ ಆಯ್ತಾ" ಅಂದರು.

ಸೋಮವಾರ ಬೆಳಿಗ್ಗೆ ಕರಿದೆ. ಒಂದೂ ಚೆಂಡಿನ ಹಾಗೆ ಉಬ್ಬಲಿಲ್ಲ. ಮಂಗಳವಾರ ಆಫೀಸಿನಲ್ಲಿ ಉಳಿದದ್ದನ್ನು ಟೀ ಜೊತೆ ತಿಂದೆ. ಮೆತ್ತಗಿತ್ತು.