ನೀರೊಳಗಿನ ಗುಡಿ: ಪ್ರತಿಬಿಂಬದ ಛಾಯಾಚಿತ್ರಗಳನ್ನು ಕುರಿತು

ಬಾದಾಮಿಯ ಅಗಸ್ತ್ಯತೀರ್ಥದಲ್ಲಿ ಭೂತನಾಥನ ಗುಡಿಯು ತಲೆಕೆಳಗಾಗಿ ಕಾಣುವ ಛಾಯಾಚಿತ್ರವನ್ನು ನೋಡದ ಕನ್ನಡಿಗನು ದುರ್ಲಭನು. ದಿನದರ್ಶಿಕೆಗಳ ಮೇಲೆ, ಪ್ರವಾಸದ ಕೈಪಿಡಿಗಳಲ್ಲಿ, ಖಾನಾವಳಿಗಳ ಗೋಡೆಗಳ ಮೇಲೆ, ಈಗಂತೂ ಪ್ರತಿಯೊಬ್ಬನ ಕಿಸೆಯೊಳಗಿನ ಮೊಬೈಲಿನಲ್ಲಿಯೂ ಅದು ಉಂಟು. ಮೇಲೊಂದು ಗುಡಿ, ಕೆಳಗೊಂದು ಗುಡಿ, ನಟ್ಟನಡುವೆ ಒಂದು ಗೆರೆ. ನೋಡಿದವರು ‘ಆಹಾ’ ಎನ್ನುವರು. ಮುಂದಿನ ಚಿತ್ರಕ್ಕೆ ಹೋಗುವರು. ಈ ಆಹಾಕಾರವು ರಸಾನುಭವವೋ ಬರಿಯ ಚಮತ್ಕಾರವೋ ಎಂಬುದನ್ನು ರಸಿಕರಾದ ವಾಚಕರೊಡನೆ ಕೂಡಿ ಸ್ವಲ್ಪ ವಿಚಾರಿಸಬೇಕಾಗಿದೆ.

ನಮ್ಮ ಅಭಿಪ್ರಾಯವನ್ನು ಮುಚ್ಚಿಡುವದಿಲ್ಲ. ಇಂಥ ಚಿತ್ರಗಳಲ್ಲಿ ಬಹುಪಾಲು ಪ್ರತಿಬಿಂಬವನ್ನು ಬಿಂಬದ ನಕಲೆಂದು ಬಗೆದು ತೆಗೆದವುಗಳು. ನಮ್ಮ ಆಲಂಕಾರಿಕರು ಈ ವಿಷಯದಲ್ಲಿ ಇಂದಿನ ಚಿತ್ರಗ್ರಾಹಕರಿಗಿಂತ ಸೂಕ್ಷ್ಮದೃಷ್ಟಿಯುಳ್ಳವರಾಗಿದ್ದರು. ಒಂದೇ ಧರ್ಮವನ್ನು ಬೇರೆ ಮಾತುಗಳಿಂದ ಎರಡು ಸಾರೆ ಹೇಳಿದರೆ ಅದು ವಸ್ತು-ಪ್ರತಿವಸ್ತುಭಾವ. ಧರ್ಮಗಳು ನಿಜವಾಗಿಯೂ ಬೇರೆಯಾಗಿದ್ದು ಸಾದೃಶ್ಯದಿಂದ ಒಂದಕ್ಕೊಂದು ಹೊಂದಿದರೆ ಅದು ಬಿಂಬ-ಪ್ರತಿಬಿಂಬಭಾವ. ಮೊದಲನೆಯದರಿಂದ ಪ್ರತಿವಸ್ತೂಪಮೆ, ಎರಡನೆಯದರಿಂದ ದೃಷ್ಟಾಂತ. ಪ್ರತಿಬಿಂಬವೆಂಬ ಹೆಸರನ್ನು ಅವರು ಪುನರುಕ್ತಿಗೆ ಕೊಡಲಿಲ್ಲ, ಭೇದವುಳ್ಳ ಸಾದೃಶ್ಯಕ್ಕೆ ಕೊಟ್ಟರು. ನಮ್ಮ ದಿನದರ್ಶಿಕೆಯ ಚಿತ್ರಗಳೋ ಪುನರುಕ್ತಿಯಲ್ಲಿಯೇ ತೃಪ್ತವಾಗಿವೆ.

ಇದು ಶಾಸ್ತ್ರದ ಕೂದಲು ಸೀಳುವ ಮಾತೆಂದು ಯಾರೂ ತಿಳಿಯಬಾರದು. ನೀರಿನ ಸ್ವಭಾವವೂ ಇದನ್ನೇ ಹೇಳುವದು. ದಂಡೆಯ ಮೇಲೆ ನಿಂತವನ ಕಣ್ಣು ನೀರಿನಿಂದ ಎಷ್ಟು ಎತ್ತರದಲ್ಲಿರುವದೋ, ಅಷ್ಟೇ ಆಳದಲ್ಲಿ ನೀರಿನ ಕೆಳಗೆ ಇನ್ನೊಂದು ಕಣ್ಣಿದ್ದು ಮೇಲಕ್ಕೆ ನೋಡಿದರೆ ಏನು ಕಾಣುವದೋ ಅದೇ ಪ್ರತಿಬಿಂಬ. ಆದುದರಿಂದ ಮಂಟಪದ ಸೂರಿನ ಒಳಮೈಯು ನೇರ ನೋಟಕ್ಕಿಂತ ನೀರಿನಲ್ಲಿ ಹೆಚ್ಚಾಗಿ ಕಾಣುವದು. ಭೂತನಾಥನ ಗುಡಿಯ ಹಿಂದೆ ಕೆಂಬಂಡೆಗಳು ಎದ್ದಿವೆಯಷ್ಟೆ. ನೀರಿನಲ್ಲಿ ಅವು ಗುಡಿಯ ಮರೆಗೆ ಸರಿಯುವವು, ಶಿಖರವು ಅವುಗಳೆದುರು ಇನ್ನಷ್ಟು ಎತ್ತರಕ್ಕೆ ಏರುವದು. ಮೇಲಿನ ಚಿತ್ರದಲ್ಲಿ ಬೆಟ್ಟವು ದೊಡ್ಡದು, ಕೆಳಗಿನ ಚಿತ್ರದಲ್ಲಿ ದೇವರ ಮನೆ ದೊಡ್ಡದು! ಪಶ್ಚಿಮಕ್ಕೆ ಮುಖಮಾಡಿದ ಆ ಗುಡಿಯ ಮೇಲೆ ಸಂಜೆಯ ಬಿಸಿಲು ಬಿದ್ದಾಗ ಈ ಭೇದವನ್ನು ಕಂಡು ತೆಗೆದ ಚಿತ್ರವು ಕಾವ್ಯವಾದೀತು. ಕಾಣದೆ ತೆಗೆದುದನ್ನು ಬುಡಮೇಲು ಮಾಡಿ ತೂಗುಹಾಕಿದರೂ ಯಾರಿಗೂ ತಿಳಿಯಲಾರದು.

ಇಲ್ಲಿ ಒಂದು ಸಂಕಟವುಂಟು. ಕಣ್ಣು ಎತ್ತರವಾದಷ್ಟೂ ಬಿಂಬ ಪ್ರತಿಬಿಂಬಗಳ ಭೇದವು ಹೆಚ್ಚುವದು, ಆದರೆ ಪ್ರತಿಬಿಂಬವು ಮಂಕಾಗುವದು. ನೀರಿನ ಮೇಲೆ ನೆಟ್ಟಗೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 2 ಪಾಲು ಮಾತ್ರ ಹಿಂದಿರುಗುವದು. ಓರೆಯಾಗಿ ಸವರಿಕೊಂಡು ಬಂದ ಬೆಳಕು ಬಹುತೇಕ ಎಲ್ಲವೂ ಹಿಂದಿರುಗುವದು. ಸೂಡಿಯ ನಾಗಕುಂಡದಲ್ಲಿ ನೀರಿದ್ದಾಗ ಇದನ್ನು ಯಾರಾದರೂ ಪರೀಕ್ಷಿಸಬಹುದು. ಮೇಲಿನ ಮೆಟ್ಟಿಲಿನಿಂದ ಬಗ್ಗಿ ನೋಡಿದರೆ ಪಾಚಿಯೇ ಕಣ್ಣಿಗೆ ಬೀಳುವದು. ಕೊನೆಯ ಮೆಟ್ಟಿಲಿನಲ್ಲಿ ಕುಳಿತರೆ ಎದುರಿನ ಗೋಡೆಯು ಕನ್ನಡಿಯಲ್ಲಿದ್ದಂತೆ ಮೂಡುವದು, ಆದರೆ ಅದು ಹೆಚ್ಚುಕಡಿಮೆ ನಕಲೇ. ಇವೆರಡರ ನಡುವೆ ಯಾವ ಮೆಟ್ಟಿಲಿನಲ್ಲಿ ನಿಲ್ಲಬೇಕೆಂಬುದನ್ನು ಯಂತ್ರವು ಹೇಳಿಕೊಡಲಾರದು. ಲಕ್ಕುಂಡಿಯ ಮಾಣಿಕೇಶ್ವರನ ಬಾವಿಗೂ ಇದೇ ನ್ಯಾಯವು ಸಲ್ಲುವದು. ಇನ್ನೊಂದು ಮಾತು: ಪ್ರತಿಬಿಂಬವು ನೀರಿನ ಮೈಮೇಲೆ ಇರುವದಿಲ್ಲ, ವಸ್ತುವು ನೀರಿನ ಮೇಲೆ ಎಷ್ಟು ಎತ್ತರವೋ ಅಷ್ಟೇ ಆಳದಲ್ಲಿರುವದು. ನೀರಿನ ಮೇಲೆ ತೇಲುವ ಎಲೆಗೆ ಮಸೂರವನ್ನು ಹೊಂದಿಸಿ, ಒಳಗಿನ ಗೋಡೆಯು ಮಸುಕಾಯಿತೆಂದು ಕೊರಗುವವರು ಇದನ್ನು ಮರೆತಿರುವರು. ನೀರಿನ ಹೊಳಪನ್ನು ಅಳಿಸುವ ಧ್ರುವಕ ಗಾಜನ್ನು ಸದಾ ಹಚ್ಚಿಕೊಂಡೇ ತಿರುಗುವವರ ಗತಿಯಂತೂ ಕೇಳಬೇಡಿರಿ. ತಾವು ಅರಸಿ ಬಂದುದನ್ನು ತಾವೇ ಒರಸಿಹಾಕುವರು.

ಕನ್ನಡಿಗೂ ಈ ಕಲೆಗೂ ನಂಟು ಹಳೆಯದು. 1839 ರಲ್ಲಿ ಲೋಕಕ್ಕೆ ಪ್ರಕಟವಾದ ದಗೇರನ ಬೆಳ್ಳಿಯ ತಗಡು ತಾನೇ ಒಂದು ಕನ್ನಡಿಯಾಗಿತ್ತು. ನೋಡುವವನ ಮುಖವೂ ಅದರಲ್ಲಿ ಬೆರೆಯುತ್ತಿತ್ತು. ನಮ್ಮ ಧಾರವಾಡ ಸೀಮೆಯ ಕಟ್ಟಡಗಳನ್ನು ಪಿಗೂ, ನೀಲ್, ಬಿಗ್ಸ್ ಎಂಬವರು ಚಿತ್ರಿಸಿ, ಮೆಡೋಸ್ ಟೇಲರ್ ಮತ್ತು ಫರ್ಗ್ಯುಸನ್ನರ ಬರಹಗಳೊಡನೆ 1866 ರಲ್ಲಿ ಆ ಗ್ರಂಥವು ಹೊರಬಂದಿತು. ಅಂದು ತಗಡಿಗೆ ಬಹಳ ಹೊತ್ತು ಬೆಳಕು ಬೇಕಾಗುತ್ತಿದ್ದುದರಿಂದ ಅಲೆಯಾಡುವ ನೀರು ಮಂಜಿನಂತೆ ಮಾಸುತ್ತಿತ್ತು. ಇಂದು ಕ್ಷಣದ ಸಾವಿರದೊಂದು ಪಾಲಿನಲ್ಲಿ ಅಲೆಯನ್ನು ನಿಲ್ಲಿಸಬಹುದಾದರೂ, ನಿಂತ ನೀರನ್ನೇ ಎಲ್ಲರೂ ಹುಡುಕುವದು ವಿಚಿತ್ರವಾಗಿದೆ.

ಅಲೆಯೇ ಚಿತ್ರಕ್ಕೆ ಪ್ರಾಣವಾದ ಉದಾಹರಣೆ ಬೇಕಾದರೆ ಶಿರಹಟ್ಟಿ ತಾಲೂಕಿನ ಮಾಗಡಿಯ ಕೆರೆಗೆ ಹೋಗಬೇಕು. ಚಳಿಗಾಲದಲ್ಲಿ ಮಧ್ಯ ಏಶಿಯದ ಕಡೆಯಿಂದ ಹಿಮಾಲಯವನ್ನು ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಅಲ್ಲಿಗೆ ಬರುವವು. 2024 ರಲ್ಲಿ ಆ ಕೆರೆಯು ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ಹಿಂಡು ಇಳಿಯುವಾಗ ತೆಗೆದ ಒಳ್ಳೆಯ ಚಿತ್ರಗಳಲ್ಲಿ, ಮೇಲೆ ಹಕ್ಕಿಯ ಬೆನ್ನು, ನೀರಿನಲ್ಲಿ ಅದರ ಹೊಟ್ಟೆ. ಕಾಲು ತಾಗಿದ ಕೂಡಲೆ ಪ್ರತಿಬಿಂಬವು ಉದ್ದುದ್ದವಾಗಿ ಎಳೆದುಕೊಂಡು ನೋಡುವವನ ಕಡೆಗೆ ಹರಿದುಬರುವದು. ಒಂದೇ ಹಕ್ಕಿಯ ಎರಡು ನಿಜಗಳು. ಇದೇ ನಾವು ಹೇಳುವ ದೃಷ್ಟಾಂತ.

ಇಷ್ಟು ವಿಸ್ತಾರವಾಗಿ ಬರೆಯಲು ಕಾರಣವುಂಟು. ನೀರಿಲ್ಲದ ಕಡೆ ನೀರನ್ನು ಹೊಂದಿಸಿ, ಮೇಲಿನ ಚಿತ್ರವನ್ನೇ ಮಗುಚಿ ಕೆಳಗೆ ಅಂಟಿಸುವ ಕೆಲಸವನ್ನು ಈಗ ಗಣಕಯಂತ್ರವು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಮಾಡುವದು. ಸ್ವಲ್ಪ ಎತ್ತರದಿಂದ ತೆಗೆದ ಚಿತ್ರವಾದರೆ ಈ ಕಪಟವು ತಾನೇ ಬಯಲಾಗುವದು: ಸೂರಿನ ಒಳಮೈ ಕಾಣುವದಿಲ್ಲ, ಹಿಂದಿನ ಗುಡ್ಡವು ಒಂದಿಷ್ಟೂ ತಗ್ಗುವದಿಲ್ಲ. ಮಯನ ಸಭೆಯಲ್ಲಿ ನೆಲವನ್ನು ನೀರೆಂದೂ ನೀರನ್ನು ನೆಲವೆಂದೂ ಬಗೆದ ಕೌರವನನ್ನು ಕಂಡು ನಕ್ಕವರ ಗತಿ ಏನಾಯಿತೆಂಬುದು ಗದುಗಿನ ನಾರಣಪ್ಪನ ಓದುಗರಾದ ನಮಗೆ ಗೊತ್ತು. ರೋಣ, ನರೇಗಲ್ಲುಗಳ ಎರೆಭೂಮಿಯಲ್ಲಿ ಮಳೆಯು ನೆಂಟನಂತೆ ಬಂದು ಹೋಗುವದು. ಇಲ್ಲಿ ತುಂಬಿದ ಕೆರೆಯ ಚಿತ್ರವು ಅಂದದ ಮಾತಷ್ಟೇ ಆಗಿರದೆ ಆ ವರ್ಷದ ಮಳೆಗೆ ಸಾಕ್ಷಿಯಾಗಿರುವದು. ನೀರು ಯಾವ ಕಲ್ಲಿನವರೆಗೆ ಬಂದಿತ್ತೆಂದು ಮುಂದಿನವರು ಅದನ್ನು ನೋಡಿ ಅಳೆಯುವರು. ಬತ್ತಿದ ಕೆರೆಯಲ್ಲಿ ಸುಳ್ಳು ನೀರನ್ನು ತುಂಬಿದ ಚಿತ್ರಕ್ಕೆ ಬಹುಮಾನವನ್ನು ಕೊಡುವ ತೀರ್ಪುಗಾರರು ಸುಳ್ಳು ಸಾಕ್ಷಿಗೆ ಸಹಿ ಹಾಕಿದಂತೆಯೇ.

ನಮ್ಮ ನರೇಗಲ್ಲಿನಲ್ಲಿಯೇ ಕೆಲಸವು ಬಿದ್ದಿದೆ. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲದಲ್ಲಿ, 950 ರ ಸುಮಾರಿಗೆ, ಗಂಗ ಬೂತುಗನ ರಾಣಿ ಪದ್ಮಬ್ಬರಸಿಯು ಕಟ್ಟಿಸಿದ ಬಸದಿ ಇಂದು ನಾರಾಯಣನ ಗುಡಿಯೆಂದು ಕರೆಯಿಸಿಕೊಳ್ಳುತ್ತಿದೆ. ಅದನ್ನು ಚಿತ್ರಿಸಲು ಅಗಸ್ತ್ಯತೀರ್ಥವೇ ಬೇಕೆಂದಿಲ್ಲ; ಮಳೆ ನಿಂತ ಮೇಲೆ ಹಾದಿಯ ಗುಳಿಯಲ್ಲಿ ಉಳಿದ ಬೊಗಸೆ ನೀರು ಸಾಕು. ಜನಜನಿತವಾದ ಕಥೆಯಲ್ಲಿ ಮತ್ಸ್ಯಯಂತ್ರದ ಕೆಳಗೆ ನಿಂತ ಅರ್ಜುನನು ಮೇಲಿನ ಮೀನನ್ನು ನೋಡಲೇ ಇಲ್ಲವಷ್ಟೆ. ಹಾಗೆಯೇ ಗುಡಿಯನ್ನು ಚೌಕಟ್ಟಿನ ಹೊರಗಿಟ್ಟು ಆ ನೀರನ್ನಷ್ಟೇ ತೆಗೆಯುವ ತರುಣನು ಯಾರಾದರೂ ಇದ್ದರೆ, ಈ ಆಷಾಢದಲ್ಲಿ ಒಂದು ಬೆಳಗು ಅಲ್ಲಿಗೆ ಹೋಗಿ ನೋಡಲಿ.