ಕೊಯ್ದವನ ಪಾಲಿಗೆ ಕಲ್ಲು

ಮ್ಯೂಸಿಯಮ್ಮನ್ನೂ ಪದ್ಯ ಓದುವ ಹಾಗೆ ಓದಬೇಕು. ಏನು ಹೇಳಿದೆ ಅನ್ನುವುದರ ಜೊತೆಗೆ ಏನು ಬಿಟ್ಟಿದೆ ಅಂತಲೂ ನೋಡಬೇಕು.

ನಮ್ಮ ಹುಣಸಮಾರನಹಳ್ಳಿಯನ್ನು ಸೀಳಿಕೊಂಡು ಹೋಗುವ ಹೆದ್ದಾರಿ ಹಿಡಿದು ಉತ್ತರಕ್ಕೆ ಹೋದರೆ ಹೈದರಾಬಾದು ಸಿಗುತ್ತದೆ. ಅಲ್ಲಿನ ಪಬ್ಲಿಕ್ ಗಾರ್ಡನ್ಸ್ ಮ್ಯೂಸಿಯಮ್ಮಿನಲ್ಲಿ ಒಂದು ಮಮ್ಮಿ ಇದೆ. ಈಜಿಪ್ಟಿನ ರಾಜಮನೆತನದ ಹುಡುಗಿ ನೈಶುವಿನ ಹೆಣ, ಎರಡು ಸಾವಿರ ವರ್ಷಕ್ಕೂ ಹಳೆಯದು ಅನ್ನುತ್ತಾರೆ. ಆರನೇ ನಿಜಾಮನ ಅಳಿಯ ನಜೀರ್ ನವಾಜ್ ಜಂಗ್ ಕೊಂಡು ತಂದ. ಏಳನೇ ನಿಜಾಮ 1930ರಲ್ಲಿ ಮ್ಯೂಸಿಯಮ್ಮಿಗೆ ಕೊಟ್ಟ.

ಕೊಂಡವನ ಹೆಸರಿದೆ, ಕೊಟ್ಟವನ ಹೆಸರಿದೆ, ಸತ್ತವಳ ಹೆಸರಿದೆ. ಹೊಟ್ಟೆ ಸೀಳಿ, ಕರುಳು ತೆಗೆದು, ನೇಟ್ರಾನ್ ಉಪ್ಪಿನಲ್ಲಿ ಒಣಗಿಸಿ, ಬಟ್ಟೆ ಸುತ್ತಿದ ಕೈಗಳು ಯಾರವು?

ಕ್ರಿಸ್ತಪೂರ್ವ ಮೊದಲನೇ ಶತಮಾನದಲ್ಲಿ ಈಜಿಪ್ಟಿಗೆ ಹೋಗಿದ್ದ ಗ್ರೀಕ್ ಬರಹಗಾರ ಡಿಯೊಡೋರಸ್ ಒಂದು ಸಂಗತಿ ಬರೆದಿಟ್ಟಿದ್ದಾನೆ. ಹೆಣದ ಎಡಪಕ್ಕೆಯನ್ನು ಕಲ್ಲಿನ ಚೂರಿಯಿಂದ ಕೊಯ್ಯಲು ಒಬ್ಬನಿರುತ್ತಿದ್ದ. ಕೊಯ್ದ ಕೂಡಲೇ ಅವನು ಓಡಬೇಕು. ಅಲ್ಲಿದ್ದವರೇ ಶಾಪ ಹಾಕುತ್ತ, ಕಲ್ಲು ಬೀರುತ್ತ ಅಟ್ಟಿಸಿಕೊಂಡು ಬರುತ್ತಿದ್ದರು. ಆಮೇಲೆ ಹೆಣಕ್ಕೆ ಸುಗಂಧ ಹಚ್ಚುವವರಿಗೆ ಮಾತ್ರ ಮರ್ಯಾದೆ, ಪೂಜಾರಿಗಳ ಒಡನಾಟ, ಗುಡಿಯೊಳಕ್ಕೂ ಪ್ರವೇಶ.

ಇದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಸತ್ತ ದನ ಎಳೆಯಲು, ಗುಂಡಿ ತೋಡಲು, ಹೆಣದ ಮುಂದೆ ತಮಟೆ ಬಡಿಯಲು ಇವತ್ತಿಗೂ ಎಷ್ಟೋ ಊರುಗಳಲ್ಲಿ ನಮ್ಮವರೇ ಬೇಕು. ಕೆಲಸ ಮುಗಿದ ಮೇಲೆ ದೂರ ನಿಲ್ಲಬೇಕು. ಹಾಗಂತ ಈಜಿಪ್ಟಿನಲ್ಲೂ ನಮ್ಮ ಜಾತಿಪದ್ಧತಿಯೇ ಇತ್ತು ಎಂದು ಭಾಷಣ ಬಿಗಿಯುವುದು ಬೇಡ. ಕೆಲಸ ಬೇಕು, ಕೆಲಸದವನು ಬೇಡ ಅನ್ನುವ ಬುದ್ಧಿ ಮಾತ್ರ ಅಲ್ಲೂ ಇಲ್ಲೂ ಒಂದೇ.

ಅಲ್ಲಿನ ದುಡಿಯುವವರು ಸುಮ್ಮನೆ ಇರಲಿಲ್ಲ. ಇಟಲಿಯ ಟ್ಯೂರಿನ್ ಮ್ಯೂಸಿಯಮ್ಮಿನಲ್ಲಿ ಒಂದು ಪಪೈರಸ್ ಹಾಳೆ ಇದೆ. ಮೂರನೇ ರಾಮ್ಸೆಸ್ ಆಳಿದ 29ನೇ ವರ್ಷ, ಅಂದರೆ ಕ್ರಿ.ಪೂ. 1157ರ ಸುಮಾರಿಗೆ, ರಾಜರ ಗೋರಿ ಕೊರೆಯುವವರಿಗೆ ಕೂಲಿಯ ಕಾಳು ಬರಲಿಲ್ಲ. ಅವರು ಹಸಿವು ಅಂತ ಕೆಲಸ ಬಿಟ್ಟು ಹೋಗಿ ಗುಡಿಯ ಹಿಂದೆ ಕೂತರು. ಬಾಕಿ ಕಾಳು ಈಸಿಕೊಂಡರು. ಬರಹದಲ್ಲಿ ಉಳಿದಿರುವ ಮೊದಲ ಮುಷ್ಕರ ಇದು ಎಂದು ಚರಿತ್ರೆಕಾರರು ಹೇಳುತ್ತಾರೆ.

ಹೈದರಾಬಾದಿನ ಹೆಣದ ಪಕ್ಕ ಆ ಹಾಳೆಯ ನಕಲೊಂದನ್ನು ಇಟ್ಟರೆ ಆಗ ಅದು ಪೂರ್ತಿ ಮ್ಯೂಸಿಯಂ. ಅಲ್ಲಿಯವರೆಗೆ ಆ ಕೆಲಸ ಹಳ್ಳಿ ಮೇಷ್ಟ್ರುಗಳದು. ಮಕ್ಕಳನ್ನು ಟೂರಿಗೆ ಕರೆದೊಯ್ದಾಗ ರಾಜನ ಹೆಸರು ಬರೆಸುವ ಮುಂಚೆ ಒಂದು ಪ್ರಶ್ನೆ ಬರೆಸಿ: ಕೊಯ್ದವನು ಯಾರು, ಅವನಿಗೆ ಸಿಕ್ಕಿದ್ದೇನು?